ಎಲ್ಲಕ್ಕಿಂತ ದುಬಾರಿ ಪುಟ

ಮನೆ ಬಿಟ್ಟು ಹೋದ ತಮ್ಮ ತಿರುಗಿ ಬರಲಿಲ್ಲ. ಆ ಸಂಕಟದಲ್ಲೇ ಅಣ್ಣ ಕಾಣೆಯಾದವರಿಗೆಂದು ಒಂದು ವೆಬ್‌ಸೈಟ್ ತೆರೆದಿದ್ದ. ಒಬ್ಬೊಬ್ಬರಿಗೂ ಒಂದೊಂದು ಪುಟ. ಅದರಲ್ಲಿ ಫೋಟೊ, ಚಹರೆ, ಮನೆಯವರ ಫೋನ್ ನಂಬರು. ನಡೆಸುವ ಖರ್ಚು ಕೈಮೀರಿದಾಗ ಪುಟಗಳಲ್ಲಿ ಜಾಹೀರಾತು ಹಾಕಲು ಮನಸ್ಸು ಮಾಡಿದ. ಹೆಚ್ಚು ಜನ ನೋಡುವ ಪುಟಕ್ಕೆ ಹೆಚ್ಚು ದರ ಎಂದು ಗೊತ್ತುಮಾಡಿದ.

ಮೊದಲು ಬಂದವರು ಒಬ್ಬ ಜ್ಯೋತಿಷಿ. ಕಳೆದುಹೋದವರು ಯಾವ ದಿಕ್ಕಿನಲ್ಲಿದ್ದಾರೆಂದು ಕವಡೆ ಹಾಕಿ ಹೇಳುವವರು.

“ಎಲ್ಲಕ್ಕಿಂತ ದುಬಾರಿ ಯಾವುದು?”

“ಈ ನೀಲಿ ಲಂಗದ ಹುಡುಗೀದು ಗುರುಗಳೇ. ದಿನಾ ನೂರಾರು ಸಲ ತೆರೀತಾರೆ.”

ಒಪ್ಪಂದಕ್ಕೆ ಮೊದಲು ಆ ಪುಟಕ್ಕೆ ಬಂದವರ ವಿವರವನ್ನು ಇನ್ನೊಮ್ಮೆ ನೋಡಿದ. ಅವನ ಮುಖ ಇಳಿಯಿತು. ಸುಳ್ಳು ಹೇಳಿ ದುಡ್ಡು ತೆಗೆದುಕೊಳ್ಳುವುದು ಅವನ ಜಾಯಮಾನವಲ್ಲ.

“ತಪ್ಪು ತಿಳ್ಕೋಬೇಡಿ, ಅಷ್ಟೊಂದು ಜನ ನೋಡ್ತಿಲ್ಲ. ಅಷ್ಟೂ ಸಲ ಒಂದೇ ಫೋನಿಂದ ತೆರೆದಿದಾರೆ. ಹುಡುಗಿ ತಾಯೀನೇ ಇರಬೇಕು, ಕೂತಲ್ಲಿ ನಿಂತಲ್ಲಿ ಮಗಳ ಮುಖ ನೋಡ್ತಿದಾರೆ. ಇದಕ್ಕೆ ದುಡ್ಡು ತಗೊಳ್ಳೋದು ನ್ಯಾಯ ಅಲ್ಲ. ಬೇರೆ ಪುಟ ನೋಡಿ.”

ಜ್ಯೋತಿಷಿ ಕಂಪ್ಯೂಟರನ್ನು ತಮ್ಮ ಕಡೆ ತಿರುಗಿಸಿಕೊಂಡು ಆ ಫೋಟೊ ನೋಡಿದರು.

“ಬೇರೆ ಬೇಡ, ಇದನ್ನೇ ಕೊಡಿ. ನನಗೆ ಆ ತಾಯಿ ಒಬ್ಬಳು ಸಾಕು. ನೀವು ಹೇಳಿದ್ದರ ಮೂರು ಪಟ್ಟು ಕೊಡ್ತೀನಿ.”

ಅವನು ಕಂಪ್ಯೂಟರ್ ಮುಚ್ಚಲು ಕೈ ಚಾಚಿದ. ಕೈ ಅಲ್ಲೇ ನಿಂತಿತು.

“ಫೋಟೊ ಮೇಲ್ಗಡೆ ಹಾಕ್ಲಾ, ಕೆಳಗಡೆ ಹಾಕ್ಲಾ?” ಎಂದ.