ಅಂಗಳಕ್ಕೆ ಬಂದ ಹಲ್ಲಿನ ವ್ಯಾನು

ವೃದ್ಧಾಶ್ರಮ ನೋಡಿಕೊಳ್ಳುತ್ತಿದ್ದ ನೀಲಾಂಬಿಕಾ ವರ್ಷವಿಡೀ ಅಲೆದಾಡಿ, ಕೊನೆಗೂ ಹಲ್ಲಿನ ಡಾಕ್ಟರಮ್ಮನನ್ನು ವ್ಯಾನಿನ ಸಮೇತ ಅಂಗಳಕ್ಕೆ ಕರೆಸಿದ್ದಳು. ಆಸ್ಪತ್ರೆಯ ಮೆಟ್ಟಿಲು ಹತ್ತಲಾಗದವರೇ ಅಲ್ಲಿ ಹೆಚ್ಚು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದವರು, ದವಡೆ ಹಿಡಿದುಕೊಂಡು ನರಳುತ್ತಿದ್ದವರು, ವ್ಯಾನು ಕಂಡದ್ದೇ ತಡ, ಎಲ್ಲರೂ ಗುಣವಾಗಿಬಿಟ್ಟರು.

"ನನ್ನ ಹಲ್ಲಿಗೆ ಏನೂ ಆಗಿಲ್ಲ ತಂಗಿ," ಎಂದು ನಿಂಗಪ್ಪಜ್ಜ ಮುಸುಕೆಳೆದುಕೊಂಡ.

"ಯಾರೂ ತೋರಿಸಲಿಲ್ಲಂದ್ರ ಈ ವ್ಯಾನು ಮತ್ತ ಈ ಕಡೆ ಬರೂದಿಲ್ಲರೀ," ಎಂದು ನೀಲಾಂಬಿಕಾ ಅಂಗಲಾಚಿದಳು.

ತಿಂಗಳಿಂದ ಹಲ್ಲುನೋವಿನಲ್ಲಿ ಒದ್ದಾಡುತ್ತಿದ್ದ ಗುರುಬಸವ್ವ ಸೆರಗು ಸಿಕ್ಕಿಸಿಕೊಂಡು ಎದ್ದಳು. ವ್ಯಾನಿನೊಳಗೆ ಹೋದವಳು ಸ್ವಲ್ಪ ಹೊತ್ತಿಗೆ ಕೆನ್ನೆ ಒತ್ತಿಕೊಂಡು, ನಗುತ್ತ ಇಳಿದು ಬಂದಳು.

"ಬಾಳ ನೋವಾತೇನ?" ಮುಸುಕಿನೊಳಗಿಂದಲೇ ನಿಂಗಪ್ಪಜ್ಜ ಕೇಳಿದ.

"ಎಲ್ಲಿ ನೋವೋ ಯಪ್ಪಾ. ಇರುವಿ ಕಡದಷ್ಟೂ ಆಗಲಿಲ್ಲ. ಆ ಹುಡುಗಿ ಕೈ ಹೂವಿನಂಗ ಐತಿ."

ನಿಂಗಪ್ಪಜ್ಜ ಎದ್ದ. ಅವನ ಹಿಂದೆ ಉಳಿದವರೂ ಎದ್ದರು. ಗಾಲಿಕುರ್ಚಿಯ ಸರೋಜಾಬಾಯಿ ತನ್ನನ್ನು ಮೊದಲು ಹತ್ತಿಸಿರೆಂದು ಜಗಳಕ್ಕೇ ನಿಂತಳು. ಸಂಜೆ ಹೊರಡುವಾಗ ಡಾಕ್ಟರಮ್ಮ ಇನ್ನು ತಿಂಗಳಿಗೊಮ್ಮೆ ಬರುವುದಾಗಿ ಹೇಳಿದರು. ನೀಲಾಂಬಿಕಾಳ ಕಣ್ಣು ತುಂಬಿತು.

"ಎಲ್ಲಾ ಗುರುಬಸವ್ವಾರ ಪುಣ್ಯಾರೀ. ಅವರ ಹಲ್ಲು ಹೆಂಗದಾವ್ರೀ?"

ಡಾಕ್ಟರಮ್ಮ ನಕ್ಕರು. "ಯಾರಿಗ್ಗೊತ್ತರೀ? ಬಾಯಿ ತಗೀರಿ ಅಮ್ಮಾ ಅಂದ ಕೂಡಲೇ ಇಳದು ಓಡಿಬಿಟ್ರು."