ಮೀಟರಿನ ಹಳದಿ ದೀಪ

"ಎಣ್ಣೆ ಹೊಸದೇ. ಆದರೆ ಈ ಲೈಟು ಯಾಕೆ ಹೋಗುವುದಿಲ್ಲ?"

ಪಿಕಪ್ ಕೊಳ್ಳಲೆಂದು ಕನ್ಯಾನದಿಂದ ಬಂದಿದ್ದ ಹಸನಬ್ಬ ಎಂಜಿನ್ನಿನ ಅಳತೆಕಡ್ಡಿಯನ್ನು ಎಳೆದು, ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, ಹೆಗಲ ಬೈರಾಸಿಗೆ ಕೈ ಒರೆಸಿಕೊಳ್ಳುತ್ತ ಕೇಳಿದರು. ಕೀ ತಿರುಗಿಸಿದರೆ ಸಾಕು, ಎಣ್ಣೆ ಬದಲಿಸಲು ನೆನಪಿಸುವ ಹಳದಿ ದೀಪ ಮೀಟರಿನಲ್ಲಿ ಹೊತ್ತಿಕೊಂಡು ಹಾಗೆಯೇ ಉರಿಯುತ್ತಿತ್ತು.

"ಹೋದ ವಾರವೇ ಪುಂಜಾಲಕಟ್ಟೆಯಲ್ಲಿ ಬದಲಿಸಿದ್ದು," ಎಂದಳು ಕಾಂತಿ. "ಎಣ್ಣೆ ಹಾಕಿದ ಕೂಡಲೇ ಅದು ತನ್ನಷ್ಟಕ್ಕೆ ಹೋಗುವುದಿಲ್ಲವಂತೆ. ಆರಿಸುವ ಕ್ರಮ ಬೇರೆ ಉಂಟಂತೆ. ಗ್ಯಾರೇಜಿನವರಿಗೆ ಗೊತ್ತಿಲ್ಲ."

"ಅಣ್ಣನಿಗೆ ಗೊತ್ತಿತ್ತು," ಎಂದ ಅವಳ ಮೈದುನ ರಂಜಿತ್. "ಎರಡು ಸಲ ಅವನೇ ಆರಿಸಿದ್ದ. ಈಗ ಅದನ್ನು ಹೇಳಿ ಏನು ಪ್ರಯೋಜನ."

ಮೂವರೂ ಜಗಲಿಯ ಕಡೆ ನೋಡಿದರು. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬೆನ್ನಿಗೊಂದು ತಲೆದಿಂಬು ಕೊಟ್ಟು, ಚಿನ್ನಯ್ಯನನ್ನು ಕೂರಿಸಿದ್ದರು. ಮೂಡಬಿದ್ರಿಯಿಂದ ಬೆಳ್ತಂಗಡಿವರೆಗೆ ಮದುವೆ ಮನೆಗಳಿಗೆ ಶಾಮಿಯಾನ, ಕುರ್ಚಿ, ಪಾತ್ರೆ ಸಾಗಿಸುತ್ತಿದ್ದ ಮನುಷ್ಯ. ಪಾರ್ಶ್ವವಾಯು ಬಡಿದು ಐದು ತಿಂಗಳಾಗಿತ್ತು. ಬಲಗೈ, ಬಲಗಾಲು ಹೋಗಿದ್ದವು. ಮಾತು ಪೂರ್ತಿ ನಿಂತಿತ್ತು. ತಲೆಯೊಳಗೆ ಎಷ್ಟು ಉಳಿದಿದೆ ಎಂದು ಈಗಲೇ ಹೇಳಲಾಗದು ಅಂದಿದ್ದರು ಡಾಕ್ಟರು. ಏನೂ ಉಳಿದಿಲ್ಲವೆಂದು ಮನೆಯವರೇ ತೀರ್ಮಾನಿಸಿಕೊಂಡಿದ್ದರು. ಬಂದವರೂ ಹೋದವರೂ ಹಾಗೆಂದೇ ಮಾತಾಡಿದರು.

"ಒಮ್ಮೆ ಅವರ ಹತ್ತಿರವೇ ಕೇಳಿ ನೋಡುವ," ಎಂದರು ಹಸನಬ್ಬ.

"ಅವನಿಗೆ ಏನೂ ಗೊತ್ತಾಗುವುದಿಲ್ಲ ಮಾರಾಯ್ರೆ," ಎಂದ ರಂಜಿತ್. "ಊಟ ಯಾವುದು, ಔಷಧಿ ಯಾವುದು ಅಂತಲೂ ತಿಳಿಯುವುದಿಲ್ಲ."

ಚಿನ್ನಯ್ಯನ ಎಡಗೈ ಕುರ್ಚಿಯ ಕೈಯನ್ನು ಬಡಿಯತೊಡಗಿತು. ಬಾಯಾರಿಕೆಯಿರಬೇಕೆಂದು ಕಾಂತಿ ಓಡಿಹೋಗಿ ನೀರು ತಂದಳು. ಅವನು ಮುಖ ತಿರುಗಿಸಿಕೊಂಡ. ಲೋಟವನ್ನು ಮತ್ತೆ ತುಟಿಗೆ ಹಿಡಿದಾಗ ಅದನ್ನು ಮೊಣಕೈಯಿಂದ ದೂಡಿದ. ನೀರು ಅವಳ ಸೀರೆಯ ಮೇಲೆ ಚೆಲ್ಲಿತು. ಅವನ ಕಣ್ಣು ಅಂಗಳದ ಗಾಡಿಯ ಮೇಲೆಯೇ ಇತ್ತು.

ಹಸನಬ್ಬ ಚಪ್ಪಲಿ ಬಿಟ್ಟು ಜಗಲಿ ಹತ್ತಿದರು. "ಬನ್ನಿ ಚಿನ್ನಯ್ಯರೇ, ನಾವು ಹಿಡಿದುಕೊಳ್ಳುತ್ತೇವೆ," ಎಂದು ಅವನ ಬಗಲಿಗೆ ಹೆಗಲು ಕೊಟ್ಟರು. ರಂಜಿತ್ ಮನಸ್ಸಿಲ್ಲದ ಮನಸ್ಸಿನಿಂದ ಇನ್ನೊಂದು ಕಡೆ ಹಿಡಿದ. ಇಬ್ಬರೂ ಸೇರಿ ಅವನನ್ನು ಚಾಲಕನ ಸೀಟಿನಲ್ಲಿ ಕೂರಿಸುವಷ್ಟರಲ್ಲಿ ಬೆವರಿದ್ದರು.

ಕೀ ಇದ್ದದ್ದು ಬಲಗಡೆ, ಸತ್ತ ಕೈಯ ಕಡೆ. ಚಿನ್ನಯ್ಯ ಎಡಗೈಯನ್ನು ಎದೆಯ ಮೇಲಿನಿಂದ ದಾಟಿಸಿ, ಬಾಗಿಲ ಬಳಿ ನಿಂತಿದ್ದ ಕಾಂತಿಯ ಕೈ ಹಿಡಿದು ಕೀ ಮೇಲೆ ಇಟ್ಟ. ಆಮೇಲೆ ಮೀಟರಿನ ಪಕ್ಕದ ಸಣ್ಣ ಗುಂಡಿಯ ಕಡೆ ಹೆಬ್ಬೆರಳು ಚಾಚಿದ. ಅವನು ಅದನ್ನು ಮುಟ್ಟುವ ಮೊದಲೇ ಅವಳು ಅವಸರದಲ್ಲಿ ಕೀ ತಿರುಗಿಸಿಬಿಟ್ಟಳು. ದೀಪ ಹಾಗೆಯೇ ಉಳಿಯಿತು.

ಚಿನ್ನಯ್ಯ ನಾಲಿಗೆಯನ್ನು ಹಲ್ಲಿಗೆ ತಾಗಿಸಿ "ತ್ಚ್" ಎಂದ.

ಕಾಂತಿಯ ಕೈ ಅಲ್ಲೇ ನಿಂತಿತು. ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಅವಳು ತಪ್ಪು ಕಡೆಗೆ ಕೈ ತೋರಿಸಿದರೆ, ಹಗ್ಗದ ಗಂಟು ಸಡಿಲ ಬಿಟ್ಟರೆ, ಹದಿನೇಳು ವರ್ಷ ಅವಳು ಕೇಳುತ್ತ ಬಂದಿದ್ದ ಸದ್ದು ಅದು. ಅವಳು ಗಂಡನ ಮುಖ ನೋಡಿದಳು. ವಾರೆಯಾದ ಬಾಯಿಯ ಮೇಲೆ ಆ ಎರಡು ಕಣ್ಣು, ಮೊದಲಿನ ಹಾಗೆಯೇ, ಸ್ವಲ್ಪ ಸಿಟ್ಟಿನಲ್ಲಿ, ಅವಳು ಸರಿಮಾಡಲಿ ಎಂದು ಕಾಯುತ್ತಿದ್ದವು.

"ಆಯಿತು," ಎಂದು ಕೀ ಬಂದ್ ಮಾಡಿದಳು. "ಈಗ ನೀವು ಹೇಳಿದ ಮೇಲೆಯೇ ತಿರುಗಿಸುತ್ತೇನೆ."

ಅವನು ಗುಂಡಿಯನ್ನು ಒತ್ತಿ ಹಿಡಿದು ಗದ್ದ ಅಲ್ಲಾಡಿಸಿದ. ಅವಳು ಕೀ ತಿರುಗಿಸಿದಳು. ಹೆಬ್ಬೆರಳು ಜಾರಲಿಲ್ಲ. ಹಳದಿ ದೀಪ ಮಿಟುಕಿತು, ಮತ್ತೆ ಮಿಟುಕಿತು, ಆರಿತು. ಅವನು ಕಣ್ಣಲ್ಲೇ ಕೀ ತೋರಿಸಿದ. ಅವಳು ಬಂದ್ ಮಾಡಿ ಮತ್ತೆ ತಿರುಗಿಸಿದಳು. ದೀಪ ಬರಲಿಲ್ಲ.

ರಂಜಿತ್ ಅಣ್ಣನ ಎದುರಿನಿಂದ ಮೆಲ್ಲನೆ ಸರಿದು ಗಾಡಿಯ ಹಿಂದೆ ಹೋಗಿ ನಿಂತ. ಹಸನಬ್ಬ ಚಪ್ಪಲಿ ಹಾಕಿಕೊಂಡರು.

"ಮಾತುಕತೆ ಇವತ್ತು ಬೇಡ. ಗಾಡಿ ಅವರದ್ದು. ಮಾರುವುದೋ ಬೇಡವೋ ಅಂತ ಮೊದಲು ಅವರ ಹತ್ತಿರ ಕೇಳಿ. ಹೌದು ಅಂದರೆ ನನಗೊಂದು ಫೋನ್ ಮಾಡಿ," ಎಂದು ಚಿನ್ನಯ್ಯನ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಬಿಟ್ಟು, ರಸ್ತೆಯ ಕಡೆ ನಡೆದರು.

ಕಾಂತಿ ಬಾಗಿಲು ಹಿಡಿದು ನಿಂತೇ ಇದ್ದಳು. ಐದು ತಿಂಗಳಲ್ಲಿ ಆ ಜಗಲಿಯಲ್ಲಿ ಆಡಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಗಾಡಿ ಮಾರುವ ಮಾತು, ಅವನ ಅಂಗಿಗಳನ್ನು ಯಾರಿಗಾದರೂ ಕೊಟ್ಟುಬಿಡುವ ಮಾತು. ಹೋದ ಶುಕ್ರವಾರ ಅಕ್ಕ ಬಂದಿದ್ದಾಗ, ಅವನಿಗೆ ಗಂಜಿ ಕುಡಿಸುತ್ತ ತಾನೇ ಅವಳೊಡನೆ, "ಅವತ್ತೇ ಹೋಗಿಬಿಟ್ಟಿದ್ದರೆ ಅವರಿಗೂ ಬಿಡುಗಡೆ, ನನಗೂ ಬಿಡುಗಡೆ," ಎಂದಿದ್ದಳು.

ಅದನ್ನು ಕೇಳಿಯೂ ಅವನು ಮುಂದಿನ ಚಮಚಕ್ಕೆ ಬಾಯಿ ತೆರೆದಿದ್ದ.