ಬೆಳಗಿನ ಮಾತ್ರೆ

"ಮಿದುಳಲ್ಲಿ ಸುದ್ದಿ ಸಾಗಿಸೋ ರಸಾಯನ ನಿಮ್ಮ ತಂದೆಗೆ ಕಡಿಮೆಯಾಗಿದೆ. ಇರೋ ಚೂರನ್ನೂ ಕೊಲಿನೆಸ್ಟರೇಸ್ ಅನ್ನೋ ಕಿಣ್ವ ಒಡೆದುಹಾಕುತ್ತೆ. ಈ ಮಾತ್ರೆ ಆ ಕಿಣ್ವವನ್ನ ತಡೆಯುತ್ತೆ. ಮರೆವು, ಭ್ರಮೆ ಎರಡೂ ಕಮ್ಮಿ ಆಗಬಹುದು," ಎಂದರು ಡಾಕ್ಟರು.

ಮಗಳು ತಲೆಯಾಡಿಸಿದಳು. ಅವಳ ಹಿಂದೆ ನಿಂತಿದ್ದ ತಾಯಿ ಕಮಲಾಕ್ಷಿಗೆ ಹೋದ ಜೀವ ಬಂದಂತಾಯಿತು.

ಮರುದಿನದಿಂದ ಗಂಡನಿಗೆ ಮಾತ್ರೆ ನೆನಪಿಸುವುದೇ ಕಮಲಾಕ್ಷಿಯ ಕೆಲಸವಾಯಿತು.

"ರೀ, ಮಾತ್ರೆ ತಗೊಂಡ್ರಾ?"

"ತಗೊಂಡೆ ಕಣೇ. ಎಷ್ಟು ಸಲ ಕೇಳ್ತೀಯ!"

ಮಗಳು ಅಡುಗೆಮನೆಯಿಂದ ಇಣುಕಿ, ಅಪ್ಪನನ್ನು ನೋಡಿ ಒಳಗೆ ಹೋದಳು.

ವಾರಗಳು ಕಳೆದಂತೆ ಅವರು ಮೊಮ್ಮಗಳನ್ನು ಹೆಸರು ಹಿಡಿದು ಕರೆದರು, ಪೇಪರು ಓದತೊಡಗಿದರು. ಕಮಲಾಕ್ಷಿಗೆ ಮಾತ್ರ ಉತ್ತರ ಕೊಡುವುದು ಕಡಿಮೆಯಾಯಿತು. ಕಿವಿ ಮಂದವಾಗಿರಬೇಕು ಎಂದುಕೊಂಡು ಅವಳು ಗಟ್ಟಿಯಾಗಿ ಕೇಳತೊಡಗಿದಳು.

ಮಹಾಲಯ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡಲು ಅವರೇ ಬಾಳೆಲೆ ಹಾಸಿ, ಮಗಳು ಕರಿದ ವಡೆ ಬಡಿಸಿ, ಪಕ್ಕದಲ್ಲಿ ಲೋಟದ ತುಂಬ ಕಾಫಿ ಇಟ್ಟರು.

"ರೀ, ಮಾತ್ರೆ ತಗೊಂಡ್ರಾ?"

ಅವರು ತಿರುಗಲಿಲ್ಲ. ಗೋಡೆಯಿಂದ ಕಮಲಾಕ್ಷಿಯ ಫೋಟೊ ಇಳಿಸಿ, ಎಡೆಯ ಮುಂದಿಟ್ಟು ಹಾರ ಹಾಕಿದರು.